ನಾಲ್ಕು ಕಲ್ಲುಗ್ರಹ ಮತ್ತು ಒಂದು ಮಡಕೆ

ಆಕಾಶದ ಗ್ರಹಗಳಿಗೆ ಬೇರೆ ಕೆಲಸ ಇರಲಿಲ್ಲವೋ ಏನೋ, ನಾನು ಗೋಕಾಕದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಷ್ಟು ದಿನವೂ ಒಂದಲ್ಲ ಒಂದು ಗ್ರಹ ನನ್ನ ಸೆರಗು ಹಿಡಿದು ಜಗ್ಗುತ್ತಲೇ ಇತ್ತು. ಇಂಗ್ಲಿಷರ ಆಳ್ವಿಕೆಯ ಕೊನೆಕೊನೆಯ ವರ್ಷಗಳು ಅವು. ನಮ್ಮ ಭೂಗೋಳದ ಪುಸ್ತಕದಲ್ಲಿ ಒಂದೂವರೆ ಪುಟದ ಪಾಠವೊಂದಿತ್ತು: ಸೂರ್ಯನಿಗೆ ಹತ್ತಿರದ ನಾಲ್ಕು ಗ್ರಹಗಳೆಂದರೆ ಬುಧ, ಶುಕ್ರ, ಭೂಮಿ, ಮಂಗಳ, ನಾಲ್ಕೂ ಕಲ್ಲಿನ ಗೋಳಗಳು. ಇಷ್ಟೇ ಪಾಠ. ಈ ಒಂದೂವರೆ ಪುಟಕ್ಕಾಗಿ ನಾನು ಊರ ಜೊತೆ ಕಾದಾಡಿದೆ, ಈಗಲೂ ಅದಕ್ಕೆ ನಾಚಿಕೆಯಿಲ್ಲ.

ಕಾದಾಡಲು ಕಾರಣವಿತ್ತು. ನನ್ನ ಜಾತಕದಲ್ಲಿ ಮಂಗಳ ಏಳನೇ ಮನೆಯಲ್ಲಿ ಕೂತಿದ್ದ. ಅಂಥ ಹುಡುಗಿಯನ್ನು ಕಟ್ಟಿಕೊಂಡವನು ಬಾಳುವುದಿಲ್ಲ ಅಂತ ಜನರ ನಂಬಿಕೆ. ಮೂರು ಕಡೆಯವರು ಬಂದರು, ಉಪ್ಪಿಟ್ಟು ತಿಂದರು, ಜಾತಕ ಕೇಳಿದರು, ಚಪ್ಪಲಿ ಹುಡುಕಿಕೊಂಡು ಹೋದರು. ಮದುವೆ ಹೀಗೆ ತಡವಾಗುತ್ತ ಹೋದದ್ದಕ್ಕೆ ಅಪ್ಪ ನನ್ನನ್ನು ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸಿದ. ನಾನು ಶಾಲೆ ಕಲಿಸುವ ಅಕ್ಕೋರು ಆದೆ. ಆ ಲೆಕ್ಕದಲ್ಲಿ ನನಗೆ ನೌಕರಿ ಕೊಡಿಸಿದವನೂ ಮಂಗಳನೇ.

ಇದಕ್ಕೊಂದು ಪರಿಹಾರವಿತ್ತು. ಹುಡುಗಿ ಮೊದಲು ಒಂದು ಮಣ್ಣಿನ ಮಡಕೆಗೆ ಮಾಲೆ ಹಾಕಿ ಅದನ್ನೇ ಮದುವೆಯಾಗಬೇಕು, ಆಮೇಲೆ ಮಡಕೆ ಒಡೆಯಬೇಕು. ಗಂಡ ಸತ್ತ ಅಂತ ತಿಳಿದು ಮಂಗಳ ಸುಮ್ಮನಾಗುತ್ತಾನೆ. ನಾನು ಒಲ್ಲೆ ಅಂದೆ. ನನಗೂ ಸಂಸಾರ ಬೇಕಿತ್ತು, ಬೇಡವಾಗಿತ್ತು ಅಂದರೆ ಸುಳ್ಳಾಗುತ್ತದೆ. ಆದರೆ ತಿಥಿ ಮುಹೂರ್ತ ನೋಡಬೇಡಿ ಅಂತ ಎಂಟುನೂರು ವರ್ಷದ ಹಿಂದೆಯೇ ಹೇಳಿದ ಶರಣರ ಹಾದಿಯ ಮನೆತನ ನಮ್ಮದು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕುಂಬಾರನ ಮಡಕೆಗೆ ತಲೆ ಬಾಗಬೇಕೆ? ಮಡಕೆ ಇಲ್ಲದೆ ಮಾಡಿಕೊಳ್ಳುವವನು ಸಿಕ್ಕರೆ ಮದುವೆ, ಇಲ್ಲದಿದ್ದರೆ ಇಲ್ಲ ಅಂತ ಅಪ್ಪನಿಗೆ ಹೇಳಿಬಿಟ್ಟೆ.

ಆರನೇ ರೊಟ್ಟಿ

ಮಂಗಳ ನನ್ನ ಏಳನೇ ಮನೆಗೆ ಬಂದದ್ದಾದರೂ ಹೇಗೆ ಅಂತ ಒಮ್ಮೆ ವಿಚಾರಣೆ ನಡೆಸಿದೆ. ನಾನು ಹುಟ್ಟಿದ್ದು ಮೂಡಲಗಿಯಲ್ಲಿ. ಆಗ ನಮ್ಮ ಓಣಿಗೆಲ್ಲ ಒಂದೂ ಗಡಿಯಾರ ಇರಲಿಲ್ಲ. ಜಾತಕ ಬರೆದವರು ಅಪ್ಪನ ಗೆಳೆಯರು, ಗೋಕಾಕದಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದವರು. ಪಂಚಾಂಗ ಅವರ ಹುಚ್ಚು, ಅದಕ್ಕೇ ಊರೆಲ್ಲ ಅವರಿಗೆ ಪಂಚಾಂಗದ ಕಾಕಾ ಅನ್ನುತ್ತಿತ್ತು. ಸಾಲದ್ದಕ್ಕೆ ನಮ್ಮ ಶಾಲೆಯ ಕಮಿಟಿ ಮೆಂಬರೂ ಅವರೇ.

ಗೋಕಾಕದಲ್ಲಿ ನನ್ನ ಜೊತೆ ಇರುತ್ತಿದ್ದವಳು ಅಪ್ಪನ ಅಕ್ಕ, ನನ್ನ ಸೋದರತ್ತೆ. ನಾನು ಹುಟ್ಟಿದ ಸಂಜೆ ಅಡುಗೆಮನೆಯಲ್ಲಿ ಇದ್ದವಳು ಅವಳೇ.

"ಅತ್ತಿ, ನಾ ಹುಟ್ಟಿದ ವ್ಯಾಳೇ ಕಾಕಾಗ ಯಾರು ಹೇಳಿದ್ರು?" ಅಂತ ಕೇಳಿದೆ.

"ನಾನ ಹೇಳಿದ್ನೆಲ್ಲ."

"ನಿನಗ ಹೆಂಗ ಗೊತ್ತಾತು?"

"ದೀಪಾ ಹಚ್ಚಿ ರೊಟ್ಟಿ ಬಡಿಯಾಕ ಕುಂತಿದ್ದೆ. ಆರನೇ ರೊಟ್ಟಿ ಹಂಚಿನ ಮ್ಯಾಲಿತ್ತು, ನೀ ಒದರಿದಿ."

ಇಬ್ಬರೂ ಕಾಕಾನ ಅಂಗಡಿಗೆ ಹೋದೆವು. ಕಾಕಾ ಪ್ರಾಮಾಣಿಕ ಮನುಷ್ಯ. ಹಳೆಯ ಕಾಗದ ತೆಗೆದು ತೋರಿಸಿದರು. ಮೂಲೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ದೀಪ ಹಚ್ಚಿದ ಮೇಲೆ ಆರು ರೊಟ್ಟಿ. ಹೊಟ್ಟಿನ ಸಮೇತ ಕಾಳು ಅಳೆಯುವವರಲ್ಲ ಅವರು, ಒಂದು ರೊಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಮ್ಮ ಹೆಂಡತಿಯನ್ನು ಕೂಡಿಸಿ ರೊಟ್ಟಿ ತಟ್ಟಿಸಿ ನೋಡಿ ಲೆಕ್ಕ ಹಾಕಿದ್ದರು.

"ಇನ್ನ ಎರಡು ರೊಟ್ಟಿ ತಡಾ ಆಗಿದ್ರ," ಅಂದರು ಕಾಕಾ ಮರುಕದಿಂದ, "ಮಂಗಳ ಆರನೇ ಮನಿಗೆ ಹೋಗಿ ತೆಪ್ಪಗ ಕುಂದರತಿದ್ದ. ಎಂಟು ಅಂತ ಬರಕೊಳ್ಳೂಣೇನು?"

ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು, ಅದಕ್ಕೇ ಹಾಗಂದರು. ನಾನು ಬೇಡ ಅಂದೆ. ಎರಡು ರೊಟ್ಟಿಯ ಸುಳ್ಳಿನ ಹಿಂದೆ ಅಡಗಿಕೊಂಡು ಮದುವೆಯಾದರೆ ಮಂಗಳನಿಗೆ ಹೆದರಿದ ಹಾಗೆಯೇ ಆಯಿತು. ಆದರೆ ಅತ್ತೆಯ ತಲೆಯಲ್ಲಿ ಬೇರೆಯೇ ಕುದಿಯುತ್ತಿತ್ತು.

"ಅಲ್ಲಾ, ನಿಮ್ಮ ಹೇಣತಿ ರೊಟ್ಟಿಗೂ ನನ್ನ ರೊಟ್ಟಿಗೂ ಒಂದ ಲೆಕ್ಕ ಹೆಂಗ ಹಾಕಿದ್ರಿ? ಆಕಿ ಒಂದ ಬಡಿಯೂದರಾಗ ನಾ ಮೂರು ಬಡೀತೇನಿ!"

ಕಾಕಾ ಗಾಬರಿಯಾಗಿ ಬೆರಳು ಮಡಚಿದರು. "ಹಂಗಾರ ಈಕಿ ಇನ್ನೂ ಮೊದಲ ಹುಟ್ಟ್ಯಾಳ. ಮಂಗಳ ಎಂಟನೇ ಮನಿಗೆ ಬರತಾನ. ಅದು ಏಳಕ್ಕಿಂತ ಕೆಟ್ಟದ್ದವಾ!"

"ಬರಲೇಳ್ರಿ," ಅಂದಳು ಅತ್ತೆ. "ಆದ್ರ ಆಕಿ ರೊಟ್ಟಿ ನನ್ನ ರೊಟ್ಟಿಗೆ ಸರಿಸಮ ಅಂತ ಮಾತ್ರ ಕಾಗದದಾಗ ಬರೀಬ್ಯಾಡ್ರಿ."

ತೊಟ್ಟಿಲ್ಲದ ಹಣ್ಣು

ಕಟ್ಟಿಗೆಯಲ್ಲಿ ಮಾಡಿದ ಗೋಕಾಕದ ಬಣ್ಣದ ಹಣ್ಣುಗಳನ್ನು ನೋಡಿದವರಿಗೆ ಗೊತ್ತು, ಇರುವೆಯೂ ಮೋಸಹೋಗುವಂಥ ಕೆಲಸ ಅದು. ನಮ್ಮೂರ ಮನೆಗಳಲ್ಲಿ ಬೀಗರು ಬಂದಾಗ ಹಣ್ಣಿನ ತಾಟು ತುಂಬಿ ಕಾಣಲಿ ಅಂತ ನಿಜವಾದ ಹಣ್ಣುಗಳ ನಡುವೆ ಇಂಥದೊಂದು ಇಡುವ ರೂಢಿ ಇತ್ತು. ಗೋಕಾಕದವರು ಯಾರೂ ನಡುವಿನ ಹಣ್ಣಿಗೆ ಕೈಹಾಕುವುದಿಲ್ಲ.

ಪಾಠಕ್ಕಾಗಿ ನಾಲ್ಕು ಗ್ರಹ ಮಾಡಿಸಬೇಕು ಅಂತ ಇಂಥ ಹಣ್ಣು ಮಾಡುವ ನಮ್ಮ ಓಣಿಯ ಚಿತ್ರಗಾರ ಅಜ್ಜನ ಹತ್ತಿರ ಹೋದೆ. ಬುಧ ಎಲ್ಲರಿಗಿಂತ ಸಣ್ಣವನು, ಬೂದುಬಣ್ಣ; ಶುಕ್ರ ತಿಳಿಹಳದಿ; ಭೂಮಿ ನೀಲಿ, ಎಲ್ಲರಿಗಿಂತ ದೊಡ್ಡದು; ಮಂಗಳ ಕೆಂಪು, ಭೂಮಿಯ ಅರ್ಧ ಅಂತ ವಿವರಿಸಿದೆ.

"ಒಳಗ ಏನಿರತೈತ್ರಿ ಅಕ್ಕೋರ?" ಅಂತ ಕೇಳಿದ ಅಜ್ಜ.

"ಕಲ್ಲು."

"ಹಂಗಾರ ಕಟಿಗಿ ಯಾಕ? ಕಲ್ಲ ಹಾಕೂಣು. ಸುಳ್ಳು ಕೆಲಸ ನಾ ಮಾಡೂದಿಲ್ಲ."

ನಮ್ಮೂರ ಜಲಪಾತ, ಗೋಕಾಕ ಫಾಲ್ಸಿನ ಕೆಳಗೆ ನದಿ ಉಜ್ಜಿ ದುಂಡಗೆ ಮಾಡಿದ ಕಲ್ಲುಗಳನ್ನು ಆರಿಸಿ ತಂದ. ಅವಕ್ಕೆ ಕಟ್ಟಿಗೆ ಹಿಟ್ಟು, ಹುಣಸೆ ಬೀಜದ ಅಂಟು ಮೆತ್ತಿ ಬಣ್ಣ ಹಾಕಿದ. ಎಂಟು ದಿನ ಬಿಟ್ಟು ಹೋಗಿ ನೋಡಿದರೆ ಬುಧ ಥೇಟ್ ಚಿಕ್ಕೂ ಹಣ್ಣು. ಶುಕ್ರ ಚಕ್ಕೋತ. ಮಂಗಳ ಬೆಳಗಾವಿ ಪೇಟೆಯಲ್ಲಿ ಅಜ್ಜ ಒಮ್ಮೆ ಕಂಡಿದ್ದ ಕಾಶ್ಮೀರದ ಸೇಬು. ನೀಲಿ ಹಣ್ಣು ಯಾವುದೂ ನೆನಪಾಗದೆ ಭೂಮಿಯನ್ನು ತೆಂಗಿನಕಾಯಿ ಗಾತ್ರದ ನೇರಳೆಹಣ್ಣು ಮಾಡಿದ್ದ. ಎತ್ತಲು ಇಬ್ಬರು ಬೇಕು. ನಾಲ್ಕಕ್ಕೂ ತೊಟ್ಟು ಇತ್ತು, ತೊಟ್ಟಿಗೊಂದು ಎಲೆಯೂ ಇತ್ತು.

"ತೊಟ್ಟು ಯಾಕ ಇಟ್ಟಿ ಅಜ್ಜಾ? ಗ್ರಹಕ್ಕ ತೊಟ್ಟಿರೂದಿಲ್ಲ."

"ತೊಟ್ಟಿಲ್ಲದ ಗುಂಡು ನನ್ನ ಕೈಯಾಗ ಬರೂದಿಲ್ರಿ. ಮೂರು ತಲಿಯಿಂದ ಹಣ್ಣು ಮಾಡಿದ ಕೈ ಐತಿ ಇದು. ಅದಿರಲಿ, ತೊಟ್ಟಿಲ್ಲಂದ್ರ ಮ್ಯಾಲ ಯಾವುದಕ್ಕ ಜೋತು ಬಿದ್ದಾವ?"

ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಸೂರ್ಯ ಎಳೆಯುವುದು, ಗ್ರಹ ಸುತ್ತುವುದು, ಬೀಳದೆ ಇರುವುದು ಎಲ್ಲ ತಿಳಿಸಿ ಹೇಳಿದೆ. ಅರ್ಧ ತಾಸು ಹಿಡಿಯಿತು. ಅಜ್ಜ ಕುಂಚ ಕೆಳಗಿಟ್ಟು ಪೂರ್ತಿ ಕೇಳಿದ. ಆಮೇಲೆ ಅಂದ:

"ಇಷ್ಟೆಲ್ಲಾ ಹೇಳೂದರಕಿಂತ ತೊಟ್ಟ ಚಲೋ ಅಲ್ರಿ?"

ಬುಧನ ಮೋರೆ

ಬುಧನನ್ನು ನೋಡುವುದು ಕಷ್ಟ. ಸೂರ್ಯನ ಬೆನ್ನಿಗೇ ಇರುತ್ತಾನೆ, ಸೂರ್ಯ ಮುಳುಗಿದ ಹಿಂದೆಯೇ ತಾನೂ ಮುಳುಗುತ್ತಾನೆ. ಅವನ ಒಂದೇ ಮಗ್ಗುಲು ಸದಾ ಸೂರ್ಯನ ಕಡೆ ಇರುತ್ತದೆ ಅಂತ ಆಗಿನ ಪುಸ್ತಕದಲ್ಲಿತ್ತು, ನಾನೂ ಹಾಗೇ ಕಲಿಸಿದೆ. ಅದು ತಪ್ಪು ಅಂತ ಈಗ ಹೇಳುತ್ತಾರೆ. ಹೇಳಲಿ. ಪುಸ್ತಕ ತನ್ನ ತಪ್ಪು ತಾನು ತಿದ್ದಿಕೊಂಡಿತು, ನಮ್ಮ ಕಾಕಾ ಕೊನೆಯವರೆಗೂ ಒಂದಕ್ಷರ ತಿದ್ದಲಿಲ್ಲ.

ಒಂದು ವಾರ ಸಂಜೆ ಬುಧ ಕಾಣಬೇಕು ಅಂತ ಗೊತ್ತಾಯಿತು. ದೊಡ್ಡ ತರಗತಿಯ ಹುಡುಗಿಯರನ್ನು ಕರೆದುಕೊಂಡು ಕೊಣ್ಣೂರ ದಾರಿಯ ದಿನ್ನೆಗೆ ಹೊರಟೆ. ಹೆಣ್ಣುಮಕ್ಕಳು ಸಂಜೆ ಹೊರಗೆ ಹೋಗುವುದೆಂದರೆ ಹಿರಿಯರೊಬ್ಬರು ಬೇಕು, ಅದಕ್ಕೆ ಅತ್ತೆ ತನ್ನ ನಶ್ಯದ ಡಬ್ಬಿಯ ಸಮೇತ ಬಂದಳು. ಇವರೆಲ್ಲ ಏನು ಮಾಡುತ್ತಾರೆ ನೋಡೋಣ ಅಂತ ಕಾಕಾ ಕೊಡೆ ಊರಿಕೊಂಡು ಹಿಂದೆ ಬಂದರು.

ಮೊದಲನೇ ದಿನ ಮೋಡ. ಎರಡನೇ ದಿನ ಕಬ್ಬಿನ ಗಾಣದ ಹೊಗೆ ಪಡುವಣ ದಿಕ್ಕನ್ನೆಲ್ಲ ಮುಚ್ಚಿತು. ಬುಧ ಕಾಣಲಿಲ್ಲ, ಬಿಸಿ ಬೆಲ್ಲ ಸಿಕ್ಕಿತು. ಮೂರನೇ ದಿನ ಆಕಾಶ ತೊಳೆದಿಟ್ಟಂತಿತ್ತು. ನಾನು ಕಣ್ಣು ಕಿರಿದು ಮಾಡಿ ಹುಡುಕುತ್ತಲೇ ಇದ್ದೆ.

"ಏನ ಹುಡುಕಾಕತ್ತಿ? ಆ ಕೆಂಪು ಚುಕ್ಕಿ ಏನು?" ಅಂತ ಅತ್ತೆ ಬೆರಳು ತೋರಿಸಿದಳು. ಹೌದು, ಅವನೇ. ಬೆಟ್ಟದ ಅಂಚಿಗೆ ಹತ್ತಿಕೊಂಡು ಸಣ್ಣಗೆ ಉರಿಯುತ್ತಿದ್ದ.

"ಅದು ನಿನಗ ಹೆಂಗ ಕಂಡಿತು ಅತ್ತಿ?"

"ಸಣ್ಣಾಕಿದ್ದಾಗಿಂದ ಕಂಡೇನಿ. ಎಮ್ಮಿ ಹೊಡಕೊಂಡು ಬರೂವಾಗ ಆಗಾಗ ಬರತಿತ್ತು, ಹೋಗತಿತ್ತು. ಹೆಸರು ಗೊತ್ತಿರಲಿಲ್ಲ, ಅಷ್ಟ."

ಹುಡುಗಿಯರೆಲ್ಲ ಕುಣಿದರು. ಕಾಕಾ ಮಾತ್ರ ಕೊಡೆಯ ಹಿಡಿಕೆ ಸವರುತ್ತ ನಿಂತಿದ್ದರು. ಅವರು ಬುಧನನ್ನು ನೋಡುತ್ತಿದ್ದುದು ಅದೇ ಮೊದಲು ಅಂತ ನನಗೆ ಹೊಳೆಯಿತು. ಕೇಳಿಯೂ ಬಿಟ್ಟೆ.

"ನಲವತ್ತು ವರ್ಷದಿಂದ ಮಂದಿ ಜಾತಕದಾಗ ಬುಧನ್ನ ಬರಕೋತ ಬಂದೇನಿ," ಅಂದರು ಕಾಕಾ ಬಿರುಸಾಗಿ. "ನೋಡೂದ್ಯಾಕ ಬೇಕು?"

ಅತ್ತೆ ನಶ್ಯ ಏರಿಸಿ ಮೂಗು ಒರೆಸಿಕೊಂಡಳು. "ಚಾಡಿ ಹೇಳೂದರ ಹೇಳ್ರಿ, ಮಾರಿ ನೋಡಿ ಹೇಳ್ರಿ."

ಎದುರು ಶುಕ್ರ

ಅತ್ತೆಯ ಮಗಳನ್ನು ಹುಕ್ಕೇರಿಗೆ ಕೊಟ್ಟಿತ್ತು. ಹೊಸ ಮದುವಣಗಿತ್ತಿ, ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ಅವಳ ಅತ್ತೆ ಎರಡು ಚಕ್ಕಡಿ ಕಟ್ಟಿಸಿಕೊಂಡು ಕರೆದೊಯ್ಯಲು ಬಂದಳು. ಇಳಿಹೊತ್ತಿಗೆ ಹೊರಟು ಧುಪದಾಳದಲ್ಲಿ ನೆಂಟರ ಮನೆಯಲ್ಲಿ ಇಳಿದು ಮರುದಿನ ಊರು ಸೇರುವುದು ಅಂತ ಅವರ ಯೋಚನೆ. ಅಷ್ಟರಲ್ಲಿ ಕಾಕಾ ಬಂದು ಅಡ್ಡ ನಿಂತರು.

"ಹೊಸಾ ಸೊಸಿ ಶುಕ್ರಗ ಎದುರಾಗಿ ಗಂಡನ ಮನಿಗೆ ಹೋಗಬಾರದು. ಈಗ ಶುಕ್ರ ಸಂಜೀ ಮುಂದ ಪಡುವಣಕ್ಕ ಅದಾನ. ಹುಕ್ಕೇರಿನೂ ಪಡುವಣಕ್ಕ ಐತಿ."

ನಾನು ಉಪಾಯ ಹೇಳಿದೆ. ಸಂಜೆ ಪಡುವಣದಲ್ಲಿ ಕಾಣುವ ಶುಕ್ರ ಬೆಳಿಗ್ಗೆ ಸೂರ್ಯನ ಹಿಂದೆಯೇ ಮೂಡಣದಲ್ಲಿ ಏಳುತ್ತಾನೆ, ಬಿಸಿಲಿಗೆ ಕಾಣುವುದಿಲ್ಲ ಅಷ್ಟೆ. ನಾಳೆ ಬೆಳಿಗ್ಗೆ ಹೊರಟರೆ ಶುಕ್ರ ಬೆನ್ನಿಗೆ ಬೀಳುತ್ತಾನೆ.

"ಕಾಣದ ಶುಕ್ರ ಲೆಕ್ಕಕ್ಕಿಲ್ಲ," ಅಂದರು ಕಾಕಾ.

"ಹಂಗಾರ ಈಗೂ ಬಿಸಲೈತಿ, ಕಾಣವಲ್ಲ. ಈಗ ಹೋಗಲಿ ಬಿಡ್ರಿ."

"ಕಾಣದಿದ್ರೂ ಅದಾನಲ್ಲ!"

ಹೀಗೆ ಕಾಣುವ ಶುಕ್ರನೂ ಬೇಡ, ಕಾಣದ ಶುಕ್ರನೂ ಬೇಡ ಆದಾಗ ಹುಕ್ಕೇರಿಯ ಅತ್ತೆಗೆ ಸಿಟ್ಟು ಬಂತು. ಎತ್ತು ಕಟ್ಟಿ ಆಗಿದೆ, ಮನೆಯಲ್ಲಿ ಕೆಲಸ ಬಿದ್ದಿದೆ. ಅವಳೇ ತೀರ್ಪು ಕೊಟ್ಟಳು: ಸೊಸೆ ಚಕ್ಕಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತುಕೊಳ್ಳಲಿ. ಎತ್ತು ಬೇಕಾದರೆ ಶುಕ್ರನನ್ನು ನೋಡಲಿ, ಎತ್ತಿಗೇನು ಮದುವೆಯೇ? ಕಾಕಾ ತಲೆದೂಗಿದರು. ನಾನು ಮದುವಣಗಿತ್ತಿಯ ಕಿವಿಯಲ್ಲಿ ಬೇಡ ಅನ್ನು ಅಂತ ಹೇಳಿದೆ, ಅವಳಿಗೆ ಧೈರ್ಯ ಸಾಲಲಿಲ್ಲ.

ಸೊಸೆಯ ಚಕ್ಕಡಿ ಮುಂದೆ ಹೊರಟಿತು, ಹುಕ್ಕೇರಿಯ ಅತ್ತೆಯ ಚಕ್ಕಡಿ ಹಿಂದೆ. ತಿಂಗಳು ಬಿಟ್ಟು ಬಂದಾಗ ಪ್ರಯಾಣ ಹೇಗಾಯಿತು ಅಂತ ಅವಳನ್ನು ಕೇಳಿದೆ. ಅಳಬೇಕೋ ನಗಬೇಕೋ ತಿಳಿಯದೆ ಹೇಳಿದಳು:

"ಶುಕ್ರನ ಕಣ್ಣು ತಪ್ಪಿತ ಅಕ್ಕಾ. ಗೋಕಾಕದಿಂದ ಹುಕ್ಕೇರಿ ತನಕ ಅತ್ತೀ ಕಣ್ಣ ಎದುರು."

ಕಾಟದ ಗ್ರಹ

ವರ್ಷದ ತಪಾಸಣೆಗೆ ಶಾಲೆಗಳ ಇನ್‌ಸ್ಪೆಕ್ಟರರಾದ ದಿಪೋಟಿ ಸಾಹೇಬರು ಬಂದರು. ಪರೀಕ್ಷೆಗೆ ಸಹಾಯ ಮಾಡಲು ಹುಕ್ಕೇರಿ ಗಂಡುಮಕ್ಕಳ ಶಾಲೆಯ ಮಾಸ್ತರರೊಬ್ಬರನ್ನು ಜೊತೆಗೆ ಕರೆತಂದಿದ್ದರು. ಕಮಿಟಿಯ ಪರವಾಗಿ ಕಾಕಾ ಜರಿ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತಿದ್ದರು. ಮೇಜಿನ ಮೇಲೆ ನನ್ನ ನಾಲ್ಕು ಗ್ರಹಗಳು, ತೊಟ್ಟು ಎಲೆಗಳ ಸಮೇತ.

ಸಾಹೇಬರು ಕೇಳಿದ್ದಕ್ಕೆಲ್ಲ ಹುಡುಗಿಯರು ಸರಿಯಾಗಿ ಉತ್ತರ ಹೇಳಿದರು. ಕಾಕಾಗೆ ತಡೆಯಲಿಲ್ಲ. "ಈಗ ನಾ ಒಂದ ಕೇಳತೇನಿ. ಈ ನಾಕರಾಗ ಮನಶ್ಯಾರಿಗೆ ಎಲ್ಲಾರಕಿಂತ ಹೆಚ್ಚು ಕಾಟಾ ಕೊಡೂ ಗ್ರಹ ಯಾವುದು?" ಕೇಳಿ ನನ್ನ ಕಡೆಗೆ ನೋಡಿದರು.

ಮೊದಲ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಭೂಮಿ ರೀ."

"ಭೂಮಿ? ಹೆಂಗ?"

"ಉಳದ ಮೂರರಾಗ ಮಂದಿನ ಇಲ್ರಿ. ಕಾಟಾ ಕೊಡಾಕ ಮಂದಿ ಬೇಕಲ್ರಿ."

ಮೂಲೆಯಲ್ಲಿ ಯಾರೋ ಗೊಳ್ಳೆಂದು ನಕ್ಕರು. ನೋಡಿದರೆ ಹುಕ್ಕೇರಿಯ ಮಾಸ್ತರರು. ಸಾಹೇಬರು ತಿರುಗಿದ ಕೂಡಲೇ ಕೆಮ್ಮು ಬಂದವರ ಹಾಗೆ ಬಾಯಿಗೆ ವಸ್ತ್ರ ಹಿಡಿದರು. ಕಾಕಾನ ಮುಖ ನಮ್ಮ ಮಂಗಳನ ಬಣ್ಣಕ್ಕೆ ತಿರುಗಿತು. ಈ ಗೊಂಬೆಗಳನ್ನು ನಾಳೆಯಿಂದ ಶಾಲೆಯಲ್ಲಿ ಇಡಕೂಡದು ಅಂತ ಅವರ ಹುಕುಂ ಆಯಿತು.

ನಾನು ಸಿಟ್ಟಿನಿಂದ ಗ್ರಹಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಮಾಸ್ತರರು ಬಂದು ಮಂಗಳನನ್ನು ಎತ್ತಿ ನೋಡಿದರು.

"ಭಾಳ ಭಾರ ಅದಾನಲ್ರಿ."

"ಒಳಗ ಕಲ್ಲೈತಿ. ಫಾಲ್ಸಿನ ಕಲ್ಲು."

"ನಿಮಗ ಇಂವನ ಹೆದರಿಕಿ ಇಲ್ಲೇನ್ರಿ?"

"ಕಲ್ಲಿಗೆ ಹೆದರಿದ್ರ ಗೋಕಾಕದಾಗ ಯಾರೂ ಬಾಳೇ ಮಾಡಂಗಿಲ್ರಿ," ಅಂದೆ. ಅವರು ಮತ್ತೆ ನಕ್ಕರು. ಆ ನಗು ನನಗೆ ಹಿಡಿಸಿತು. ಇದನ್ನು ಮುಚ್ಚಿಡುವುದೇನಿದೆ?

ಗ್ರಹಗಳು ಮನೆಗೆ ಬಂದು ಗೋಡೆಯ ಗೂಡಿನಲ್ಲಿ ಕೂತವು. ಪಾಠ ಮಾತ್ರ ಶಾಲೆಯಲ್ಲೇ ಉಳಿಯಿತು. ಮರುದಿನ ಹುಡುಗಿಯರು ತಮ್ಮ ಬುತ್ತಿಯ ಗಂಟಿನಿಂದ ಒಂದು ಕೆಂಪು ಉಳ್ಳಾಗಡ್ಡಿ ತೆಗೆದು ಮೇಜಿನ ಮೇಲೆ ಇಟ್ಟರು, ಇದು ಮಂಗಳ ಅಂದರು. ಕಿಟಕಿಯ ಹೊರಗೆ ಕಾಕಾ ನಿಂತಿದ್ದು ಕಂಡರೂ ನಾನು ಪಾಠ ನಿಲ್ಲಿಸಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆಯಿತು. ಹುಡುಗಿಯರು ಮಂಗಳನನ್ನು ಕಟ್ಟೆಯ ಮೇಲಿಟ್ಟು ಮುಷ್ಟಿಯಿಂದ ಗುದ್ದಿ ಒಡೆದು, ರೊಟ್ಟಿಯ ಜೊತೆ ತಿಂದು ಮುಗಿಸಿದರು.

ಸಂಕೇಶ್ವರದ ಮಾಮಾ

ಹದಿನೈದು ದಿನಕ್ಕೆ ಹುಕ್ಕೇರಿಯಿಂದ ಹೇಳಿಕಳಿಸಿದರು: ಮಾಸ್ತರರು ಹೆಣ್ಣು ನೋಡಲು ಬರುತ್ತಾರೆ. ಅವರಿಗೆ ತಂದೆ ಇರಲಿಲ್ಲ, ಹಿರಿತನ ಮಾಡುವವರು ಸಂಕೇಶ್ವರದ ಸೋದರಮಾವ. ಮೂಡಲಗಿಯಿಂದ ಅಪ್ಪ ಬಂದ. ಇಷ್ಟು ದಿನ ಬರುವವರು ಬರಲಿ ಹೋಗುವವರು ಹೋಗಲಿ ಅನ್ನುತ್ತಿದ್ದ ನನಗೆ ಆವತ್ತು ಬೆಳಿಗ್ಗೆಯಿಂದ ಇವರೂ ಚಪ್ಪಲಿ ಹುಡುಕಿದರೆ ಅನ್ನುವ ಅಂಜಿಕೆ. ಮಂಗಳನಿಗೆ ಹೆದರದವಳು ಒಬ್ಬ ಮಾಸ್ತರರ ಚಪ್ಪಲಿಗೆ ಹೆದರಿದೆ.

ಅತ್ತೆ ಹಣ್ಣಿನ ತಾಟು ಜೋಡಿಸಿದಳು. ಬಾಳೆಹಣ್ಣು, ಪೇರಲ ಇಟ್ಟರೂ ನಡುವೆ ಬರಿದು ಕಾಣಿಸಿತು. ಗೂಡಿನಿಂದ ಮಂಗಳನನ್ನು ತೆಗೆದು, ಸೆರಗಿನಿಂದ ಒರೆಸಿ, ನಡುವೆ ಕೂಡಿಸಿದಳು. ಗೋಕಾಕದ ಮನೆ, ಗೋಕಾಕದ ರೂಢಿ. ಅದರಲ್ಲಿ ವಿಶೇಷ ಏನೂ ಇರಲಿಲ್ಲ.

ಮಾಮಾ ದಪ್ಪ ಮೀಸೆಯವರು. ಕೊಲ್ಲಾಪುರದ ಪಂಚಾಂಗ ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು. ನಮ್ಮ ಕಾಕಾ ಗೋಕಾಕದ ಪಂಚಾಂಗ ತೆರೆದರು. ಬೇರೆ ಯಾವುದರಲ್ಲೂ ಹೊಂದದ ಆ ಎರಡು ಪಂಚಾಂಗಗಳು ನನ್ನ ಮಂಗಳನ ವಿಷಯದಲ್ಲಿ ಮಾತ್ರ ಒಂದಾದವು.

"ಹುಡಿಗಿ ಚಲೋ ಅದಾಳ," ಅಂದರು ಮಾಮಾ. "ಒಂದ ಮಡಕಿ ತರಸ್ರಿ, ಮಾಲಿ ಹಾಕಸ್ರಿ. ಹತ್ತು ಮಿನಿಟಿನ ಕೆಲಸ. ಮುಂದಿನ ಮಾತು ಆಮ್ಯಾಲ."

ಅಪ್ಪ ನನ್ನ ಕಡೆ ನೋಡಿದ. ಅವನ ಕಣ್ಣು ಕೈಮುಗಿದು ಕೇಳುತ್ತಿತ್ತು: ಒಪ್ಪಿಕೊಂಡುಬಿಡು ಮಗಳೇ. ನಾನು ಮಾಸ್ತರರ ಕಡೆ ನೋಡಿದೆ. ಅವರು ತುಟಿ ಎರಡು ಮಾಡಲಿಲ್ಲ, ತಾಟನ್ನೇ ನೋಡುತ್ತ ಕೂತಿದ್ದರು. ನನಗೆ ಉರಿದು ಹೋಯಿತು. ಶಾಲೆಯಲ್ಲಿ ಗೊಳ್ಳೆಂದು ನಕ್ಕ ಮನುಷ್ಯ ಮಾವನ ಮುಂದೆ ಮೂಕನಾಗುವುದೇ?

"ಮಡಕಿಗೆ ನಾ ಮಾಲಿ ಹಾಕೂದಿಲ್ರಿ," ಅಂದೆ. "ಮಂಗಳ ಒಂದು ಕಲ್ಲು. ಕಲ್ಲಿಗೆ ಹೆದರಿ ಮಡಕಿ ಮದುವಿ ಆಗೂದು ನನ್ನ ಕೈಲೆ ಆಗೂದಿಲ್ಲ. ಮದುವಿ ಆಗದಿದ್ರೂ ಅಡ್ಡಿಯಿಲ್ಲ."

ಅಪ್ಪ ತಲೆಗೆ ಕೈ ಹಚ್ಚಿಕೊಂಡ. ಕಾಕಾ ಪಂಚಾಂಗದಲ್ಲಿ ಮುಖ ಹುದುಗಿಸಿದರು. ಮಾಮಾನ ಮೀಸೆ ಕುಣಿಯತೊಡಗಿತು.

"ಕಲ್ಲು? ಎರಡಕ್ಷರಾ ಕಲತು ಮಂಗಳಗ ಕಲ್ಲು ಅಂತೀಯೇನವಾ? ಹಗರ ತಿಳೀಬ್ಯಾಡ ಅವನ್ನ! ಅಂವ ಬೆಂಕಿ ಅದಾನ, ಅಂವ ದೇವತಾ ಅದಾನ, ರಾಜರ ರಾಜ್ಯಾ ಮುಳುಗಿಸ್ಯಾನ..." ಅನ್ನುತ್ತ ಆವೇಶದಲ್ಲಿ ನೋಡದೆಯೇ ತಾಟಿಗೆ ಕೈಹಾಕಿದರು, ನಡುವಿನ ಸೇಬು ಎತ್ತಿದರು, "ಅಂವ ಕಲ್ಲಲ್ಲ!" ಅಂದು ಬಾಯಿತುಂಬ ಕಚ್ಚಿದರು.

ಕಟ್ ಅಂತ ಸದ್ದಾಯಿತು.

ಮಾಮಾನ ತುಟಿಯೆಲ್ಲ ಕೆಂಪು ಬಣ್ಣ. ರಕ್ತ ಅಂತ ತಿಳಿದು ಅತ್ತೆ ಕಿರುಚಿದಳು. ಮಾಮಾ ಒಂದು ಅಂಗೈಯಲ್ಲಿ ತಮ್ಮ ಮುಂದಿನ ಹಲ್ಲು, ಇನ್ನೊಂದರಲ್ಲಿ ಮಂಗಳನನ್ನು ಹಿಡಿದು ಎರಡನ್ನೂ ಸರದಿಯಂತೆ ನೋಡಿದರು. ಮೆತ್ತಿಗೆ ಕಳಚಿ ಒಳಗಿನದು ಕಾಣುತ್ತಿತ್ತು.

"ಇದು... ಕಲ್ಲು!" ಅಂದರು.

"ಹೌದ್ರಿ," ಅಂದೆ. "ನಾ ಅದನ್ನ ಹೇಳಾಕತ್ತಿದ್ದೆ."

ಮೊದಲು ಚೇತರಿಸಿಕೊಂಡವರು ನಮ್ಮ ಕಾಕಾ. ಪಂಚಾಂಗ ಮುಚ್ಚಿ ಎದ್ದು ನಿಂತು ಸಾರಿದರು: "ಮುಗೀತು! ಗಂಡಿನ ಕಡ್ಯಾವರಿಗೆ ಬರೂ ಹಾನಿ ಬಂದು ಹೋತು. ಹಲ್ಲಿನ ಮ್ಯಾಲ ಹೋತು. ಮಂಗಳ ತನ್ನ ಕೆಲಸ ಮಾಡಿದ, ಇನ್ನ ದೋಷ ಇಲ್ಲ!"

ಅಪ್ಪನ ಮುಖ ಅರಳಿತು. ನಾನು ಸುಮ್ಮನಿದ್ದರೆ ಅಲ್ಲಿಗೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ನಾನು ಸುಮ್ಮನಿರುವವಳೇ?

"ಇಲ್ಲ ಕಾಕಾ, ಅದನ್ನೂ ನಾ ಒಪ್ಪೂದಿಲ್ಲ. ಮಂಗಳ ಏನೂ ಮಾಡಿಲ್ಲ. ತನ್ನ ಪಾಡಿಗೆ ತಾಟಿನಾಗ ಕುಂತಿದ್ದ. ಕಚ್ಚಿದವರು ಮಾಮಾ."

ಆಗ ಮಾಸ್ತರರು ನಕ್ಕರು. ಶಾಲೆಯಲ್ಲಿ ನಕ್ಕ ಅದೇ ನಗು, ಈ ಸಲ ಬಾಯಿಗೆ ವಸ್ತ್ರ ಹಿಡಿಯಲಿಲ್ಲ. ಕಣ್ಣೊರೆಸಿಕೊಂಡು ಕೇಳಿದರು: "ಮಾಮಾ, ನಾ ಮಾಡಕೊಂಡ್ರ ಈಕಿನ್ನ ಮಾಡಕೋತೇನಿ. ಮಡಕಿ ತರಸೂದೋ ಬ್ಯಾಡೋ, ನೀವ ಹೇಳ್ರಿ."

ಮಾಮಾ ಹಲ್ಲನ್ನು ಜೋಪಾನವಾಗಿ ಕಿಸೆಗೆ ಹಾಕಿಕೊಂಡರು.

"ಬ್ಯಾಡಪಾ ಬ್ಯಾಡ! ಹಣ್ಣಿನಾಗ ಕಲ್ಲು ಇಟ್ಟ ಮಂದಿ ಇವರು. ಮಡಕ್ಯಾಗ ಏನ ಇಟ್ಟಾರೋ ಯಾರಿಗೊತ್ತು!"

ಮಡಕೆ ಬರಲಿಲ್ಲ, ಮುಹೂರ್ತ ನೋಡಲಿಲ್ಲ, ಮುಂದಿನ ತಿಂಗಳು ಮದುವೆ ಆಯಿತು. ಮಂಗಳವಾರವೇ ಆಗಲಿ ಅಂತ ಹಟ ಹಿಡಿದವಳು ನಾನು. ನನ್ನನ್ನು ಕಟ್ಟಿಕೊಂಡವರಿಗೆ ಈಗ ಎಪ್ಪತ್ತು ದಾಟಿದೆ, ರೊಟ್ಟಿಯ ಅಂಚನ್ನೂ ಬಿಡದೆ ತಿನ್ನುತ್ತಾರೆ. ಹಲ್ಲಿನ ಗುರುತು ಹೊತ್ತ ಆ ಮಂಗಳ ಇವತ್ತಿಗೂ ನಮ್ಮ ಗೂಡಿನಲ್ಲಿದ್ದಾನೆ.

ಒಂದು ಸಿಟ್ಟು ಮಾತ್ರ ನನ್ನೊಳಗೆ ಬಹಳ ದಿನ ಉಳಿದಿತ್ತು. ಮದುವೆಯಾಗಿ ವರ್ಷದ ಮೇಲೆ ಒಂದು ದಿನ ಕೇಳಿಯೇ ಬಿಟ್ಟೆ. "ಅವತ್ತ ಮಾಮಾ ಅಷ್ಟೆಲ್ಲಾ ಮಾತಾಡೂವಾಗ ನೀವು ಬಾಯಿ ತಗೀಲಿಲ್ಲ. ತಾಟ ನೋಡಕೋತ ಕುಂತ್ರಿ. ಯಾಕ?"

"ಮಡಕಿ ಮಾತು ತಗದಾಗಿಂದ ಮಾಮಾನ ಕೈ ಸೇಬಿನ ಕಡೆ ಹೊಂಟಿತ್ತು," ಅಂದರು. "ಒಳಗ ಏನೈತಿ ಅಂತ ಆ ಮನ್ಯಾಗ ಬಂದವರೊಳಗ ನನಗೊಬ್ಬಗ ಗೊತ್ತಿತ್ತು. ಬಾಯಿ ತಗದಿದ್ರ ತಡದಂಗ ಆಗತಿತ್ತಲ್ಲ?"